ಮೂವರ ಪಾಲಿನ ಎಲುಬುಗಳು

ಮಣಿಪಾಲ
೧೫-೯-೧೯೭೪

ಅಪ್ಪನಿಗೆ ಸುಭಾಷಿಣಿಯ ನಮಸ್ಕಾರ.

ನೀವು ಕಲಿಸಿದ ಹಾಗೆ ಸಾಷ್ಟಾಂಗ, ಕುಶಲ, ಕ್ಷೇಮ ಎಂದೆಲ್ಲ ಬರೆದರೆ ಇನ್‌ಲ್ಯಾಂಡಿನ ಕಾಗದದ ಒಂದು ಮಡಿಕೆ ಅದಕ್ಕೇ ಮುಗಿಯುತ್ತದೆ. ಆದ್ದರಿಂದ ಅದನ್ನೆಲ್ಲ ಬರೆದಿದ್ದೇನೆ ಎಂದೇ ತಿಳಿದುಕೊಳ್ಳಿ.

ಹಾಸ್ಟೆಲಿನಲ್ಲಿ ಜಾಗ ಸಿಕ್ಕಲಿಲ್ಲ. ಪರ್ಕಳಕ್ಕೆ ಹೋಗುವ ರಸ್ತೆಯಲ್ಲಿ ಜೆರ್ಟ್ರೂಡ್ ಬಾಯಿ ಎಂಬವರ ಮನೆಯ ಮೇಲಿನ ಮಹಡಿಯನ್ನು ನಾವು ಮೂವರು ಹುಡುಗಿಯರು ಬಾಡಿಗೆಗೆ ಹಿಡಿದಿದ್ದೇವೆ. ಎರಡು ಕೋಣೆ, ಒಂದು ಅಡುಗೆಮನೆ, ಮೆಟ್ಟಿಲ ಕೆಳಗೆ ಬಚ್ಚಲು. ಬಾಯಿಯವರು ವಿಧವೆ, ಕೆಳಗೆ ಒಬ್ಬರೇ ಇರುತ್ತಾರೆ. ಸಂಜೆ ಏಳಕ್ಕೆ ಗೇಟಿಗೆ ಬೀಗ ಬೀಳುತ್ತದೆ. ಇದನ್ನು ಅಮ್ಮನಿಗೆ ಮರೆಯದೆ ಹೇಳಿ.

ಜೊತೆಗೆ ಇರುವವರು ನನ್ನ ತರಗತಿಯವರೇ. ಸಿಸಿಲಿಯಾ ಕಾರ್ಕಳದವಳು, ಅವಳ ಅಣ್ಣ ಬಹ್ರೈನಿನಲ್ಲಿ ಕೆಲಸದಲ್ಲಿದ್ದಾನೆ. ಬೆಳಿಗ್ಗೆ ಎದ್ದಲ್ಲಿಂದ ಅವಳ ಮಾತು ನಿಲ್ಲುವುದಿಲ್ಲ. ಇನ್ನೊಬ್ಬಳು ಸುಗಂಧಿ, ಕಾಪುವಿನವಳು. ಅವಳು ಮಾತಾಡುವುದು ಕಡಿಮೆ, ಕೇಳಿದ್ದಕ್ಕೆ ಮಾತ್ರ ಉತ್ತರ.

ಮೂವರಿಗೆ ಎರಡು ಕೊಡೆ, ಒಂದು ಅಲಾರಂ ಗಡಿಯಾರ, ಒಂದು ಇಸ್ತ್ರಿಪೆಟ್ಟಿಗೆ. ದೇಹರಚನೆಯ ದೊಡ್ಡ ಪುಸ್ತಕವೂ ಒಂದೇ. ಮೂವರೂ ಏಕಕಾಲಕ್ಕೆ ಓದಬೇಕಾದ್ದರಿಂದ ಉಡುಪಿಯ ಬೈಂಡರ್ ಹತ್ತಿರ ಕೊಟ್ಟು ಅದನ್ನು ಮೂರು ತುಂಡು ಮಾಡಿಸಿದೆವು. ಕೈಕಾಲು ಒಂದು, ಎದೆ ಹೊಟ್ಟೆ ಒಂದು, ತಲೆ ಕುತ್ತಿಗೆ ಒಂದು. ತುಂಡು ಬದಲಾಯಿಸುವ ದಿನ ಮಾತ್ರ ಸ್ವಲ್ಪ ಜಗಳ.

ಅಡುಗೆಯ ವಿಷಯದಲ್ಲಿ ಚಿಂತೆ ಬೇಡ. ನನ್ನ ಒಲೆ ಬೇರೆ, ಪಾತ್ರೆ ಬೇರೆ. ನೀವು ಕೊಟ್ಟ ಕಂಚಿನ ತಪ್ಪಲೆಯಲ್ಲಿಯೇ ಅನ್ನ ಮಾಡಿಕೊಳ್ಳುತ್ತೇನೆ.

ನಿಮ್ಮ ಮಗಳು
ಸುಭಾಷಿಣಿ


ಅಜೆಕಾರು
೨೪-೯-೧೯೭೪

ಚಿ. ಸುಭಾಷಿಣಿಗೆ ಆಶೀರ್ವಾದ.

ಬರೆಯದ್ದನ್ನು ಬರೆದಿದ್ದೆಂದು ತಿಳಿಯುವ ಪದ್ಧತಿ ನಮ್ಮಲ್ಲಿ ಇಲ್ಲ. ಆದರೂ ನೀನು ಕ್ಷೇಮವೆಂದು ತಿಳಿದೆ.

ಇಲ್ಲಿ ಪೌರೋಹಿತ್ಯಕ್ಕೆ ಎಲ್ಲಿ ಹೋದರೂ ನಿನ್ನದೇ ಮಾತು. "ಉಪಾಧ್ಯರೇ, ನಿಮ್ಮ ಮಗಳು ಡಾಕ್ಟರ್ ಆದ ಮೇಲೆ ನಮಗೆ ಕಾರ್ಕಳಕ್ಕೆ ಓಡುವುದು ತಪ್ಪಿತು" ಎಂದು ದಾಮೋದರ ಆಚಾರ್ಯರು ಹೇಳಿದರು. ಇನ್ನೂ ತುಂಬ ವರ್ಷ ಉಂಟು ಎಂದೆ.

ಹೆಣವನ್ನು ಕೊಯ್ದು ಕಲಿಸುತ್ತಾರೆ ಎಂದು ನಿನ್ನ ತಾರಾನಾಥ ಮಾವ ಹೇಳುತ್ತಾನೆ. ನಿಜವೆ? ನಿಜವಾದರೆ ಅದು ವಿದ್ಯೆಯ ಭಾಗ, ನಾನು ಬೇಡವೆನ್ನುವುದಿಲ್ಲ. ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡಬೇಡ, ಅಷ್ಟೆ. ಸುಗಂಧಿ ಎಂಬವಳ ತಂದೆಗೆ ಎಂತ ಕೆಲಸ? ನೀನು ಬರೆದಿಲ್ಲ.

ಅಮ್ಮ ಹೇಳಿದ್ದು: ತಲೆಗೆ ಎಣ್ಣೆ ಹಾಕುವುದನ್ನು ಬಿಡಬೇಡ.

ರಾಮದಾಸ ಉಪಾಧ್ಯ


ಮಣಿಪಾಲ
೧೩-೧೦-೧೯೭೪

ಅಪ್ಪನಿಗೆ ನಮಸ್ಕಾರ.

ಮಾವ ಹೇಳಿದ್ದು ನಿಜ. ಒಂದು ಮೇಜಿಗೆ ಎಂಟು ಮಂದಿ ನಾವು. ಮೊದಲ ದಿನ ಸಿಸಿಲಿಯಾ ಹೊರಗೆ ಹೋಗಿ ಕೂತಳು, ನಾನು ಬಾಗಿಲ ಹತ್ತಿರ ನಿಂತಿದ್ದೆ, ಸುಗಂಧಿ ಮಾತ್ರ ನೇರ ಹೋಗಿ ಚಾಕು ಹಿಡಿದಳು. ಈಗ ಮೂವರಿಗೂ ಅಭ್ಯಾಸವಾಗಿದೆ. ವಾಸನೆ ಕೂದಲಲ್ಲಿ ಉಳಿಯುತ್ತದೆ, ಆದ್ದರಿಂದ ನೀವು ಹೇಳದಿದ್ದರೂ ಸ್ನಾನ ಮಾಡಿಯೇ ಮಾಡುತ್ತೇವೆ. ಮೂವರಿಗೆ ಒಂದು ಬಚ್ಚಲು. ಬಾವಿಯಿಂದ ಒಬ್ಬಳು ನೀರು ಸೇದುವುದು, ಒಬ್ಬಳು ಒಲೆಗೆ ಬೆಂಕಿ ಹಾಕುವುದು, ಒಬ್ಬಳು ಸ್ನಾನಕ್ಕೆ ಹೋಗುವುದು.

ಸುಗಂಧಿಯ ತಂದೆಗೆ ಸಮುದ್ರದ ವ್ಯಾಪಾರ. ಕಾಪುವಿನಲ್ಲಿ ದೀಪಸ್ತಂಭದ ಹತ್ತಿರವೇ ಮನೆಯಂತೆ.

ಅಮ್ಮನಿಗೆ ಹೇಳಿ, ಎಣ್ಣೆ ಹಾಕುತ್ತೇನೆ.

ಸುಭಾಷಿಣಿ


ಅಜೆಕಾರು
೨೦-೧-೧೯೭೫

ಚಿ. ಸುಭಾಷಿಣಿಗೆ ಆಶೀರ್ವಾದ.

ಸಂಕ್ರಾಂತಿಗೆ ನೀನು ಬಂದು ಹೋದದ್ದು ಅಮ್ಮನಿಗೆ ಸಮಾಧಾನವಾಯಿತು. ಸೊರಗಿದ್ದೀ ಎನ್ನುತ್ತಾಳೆ. ನನಗೆ ಹಾಗೆ ಕಾಣಲಿಲ್ಲ.

ಮೊನ್ನೆ ದಾಮೋದರ ಆಚಾರ್ಯರ ಮೊಮ್ಮಗನ ಉಪನಯನ. ಊಟದ ಪಂಕ್ತಿಯಲ್ಲಿ ಒಬ್ಬರು, ಹೆಸರು ಬೇಡ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು: "ಉಪಾಧ್ಯರೇ, ನಿಮ್ಮ ಮಗಳು ಕಿರಿಸ್ತಾನರ ಮನೆಯಲ್ಲಿ ಮೀನು ತಿನ್ನುವವರ ಒಟ್ಟಿಗೆ ಇರುವುದಂತೆ, ಹೌದಾ?" ನಾನು ಎಲೆಯ ಮುಂದೆ ಕೂತೇ ಹೇಳಿದೆ: "ಇರುವುದು ಹೌದು. ಒಲೆ ಬೇರೆ, ಪಾತ್ರೆ ಬೇರೆ, ಸ್ನಾನ ಮಾಡದೆ ಒಳಗೆ ಹೋಗುವುದಿಲ್ಲ. ಇದಕ್ಕೆ ನಾನು ಜವಾಬ್ದಾರಿ." ಆಮೇಲೆ ಊಟ ಮುಂದುವರಿಯಿತು. ನಿನ್ನ ಪತ್ರ ನನ್ನ ಹತ್ತಿರ ಇದ್ದದ್ದು ಒಳ್ಳೆಯದಾಯಿತು.

ರಾಮದಾಸ ಉಪಾಧ್ಯ


ಮಣಿಪಾಲ
೧೬-೩-೧೯೭೫

ಅಪ್ಪನಿಗೆ ನಮಸ್ಕಾರ.

ಒಂದು ತಿಂಗಳಿನಿಂದ ಬರೆಯದ್ದಕ್ಕೆ ಕ್ಷಮಿಸಿ. ಸಣ್ಣ ಜ್ವರ ಬಂದಿತ್ತು, ಈಗ ವಾಸಿಯಾಗಿದೆ. ತಪ್ಪಿದ ಪಾಠಗಳನ್ನು ಸುಗಂಧಿಯ ನೋಟಿನಿಂದ ಬರೆದುಕೊಳ್ಳುತ್ತಿದ್ದೇನೆ. ಮೇ ತಿಂಗಳ ರಜೆಗೆ ಬರುತ್ತೇನೆ. ಓದುವುದು ತುಂಬ ಉಂಟು, ಉಪ್ಪರಿಗೆಯ ಕೋಣೆಯನ್ನು ನನಗೆ ಬಿಟ್ಟುಕೊಡಬೇಕು.

ಸುಭಾಷಿಣಿ


ಮಣಿಪಾಲ
೧೯-೫-೧೯೭೫

ಅಪ್ಪನಿಗೆ ನಮಸ್ಕಾರ.

ಶನಿವಾರ ಎರಡು ಗಂಟೆಯ ಬಸ್ಸಿಗೆ ಹೊರಟವಳು ಕಾರ್ಕಳದಲ್ಲಿ ಬಸ್ಸು ಬದಲಿಸಿ ಐದೂವರೆಗೆ ಇಲ್ಲಿ ತಲುಪಿದೆ. ಚೀಲ ತೊಡೆಯ ಮೇಲೆಯೇ ಇತ್ತು. ಕಂಡಕ್ಟರ್ "ಮೇಲೆ ಇಡಿ" ಎಂದ, ಕೊಡಲಿಲ್ಲ.

ಅಜ್ಜಿಯ ಶ್ರಾದ್ಧದ ದಿನ ನೀವು ಅಗ್ನಿಯ ಮುಂದೆ, ಮೆಟ್ಟಿಲಿಗೆ ಬೆನ್ನು ಹಾಕಿ ಕೂತಿದ್ದಿರಿ. ಏನಾಯಿತೆಂದು ನಿಮಗೆ ಮಾವ ಹೇಳಿದ್ದಷ್ಟೇ ಗೊತ್ತಿರಬಹುದು. ನಾನೇ ಹೇಳಬೇಕು.

ನಾವು ಕಲಿಯುವುದಕ್ಕೆ ಎಲುಬುಗಳು ಬೇಕು. ಅರ್ಧ ಮನುಷ್ಯನಷ್ಟು, ಒಂದು ತಗಡಿನ ಪೆಟ್ಟಿಗೆಯಲ್ಲಿ ಇರುತ್ತದೆ. ಮೇಲಿನ ತರಗತಿಯವರು ಕೆಳಗಿನವರಿಗೆ ಕೊಟ್ಟು ಹೋಗುವುದು ವಾಡಿಕೆ. ನಮ್ಮ ಪೆಟ್ಟಿಗೆ ಮೊದಲ ದಿನದಿಂದಲೂ ನಾನು ಮಲಗುವ ಕೋಣೆಯಲ್ಲಿಯೇ ಇದೆ. ರಜೆಯಲ್ಲಿ ಮೂವರೂ ಓದಬೇಕಾದ್ದರಿಂದ ಪಾಲು ಮಾಡಿಕೊಂಡೆವು. ತಲೆಬುರುಡೆ ಸಿಸಿಲಿಯಾಳ ಜೊತೆ ಕಾರ್ಕಳಕ್ಕೆ, ಕೈ ಮತ್ತು ಪಕ್ಕೆಲುಬು ಸುಗಂಧಿಯ ಜೊತೆ ಕಾಪುವಿಗೆ, ಸೊಂಟ ಮತ್ತು ಕಾಲು ನನ್ನ ಜೊತೆ ಅಜೆಕಾರಿಗೆ ಬಂತು. ಉಪ್ಪರಿಗೆಯಲ್ಲಿ ಹಳೆಯ ಮಣೆಗಳ ಹಿಂದೆ ಚೀಲದಲ್ಲಿ ಇಟ್ಟಿದ್ದೆ. ಶ್ರಾದ್ಧದ ದಿನ ಮಣೆಗಳನ್ನು ತರಲು ಮೇಲೆ ಹೋಗುತ್ತಾರೆಂದು ನನಗೆ ಹೊಳೆಯಲಿಲ್ಲ. ಮಾವ ಮಣೆ ಎಳೆದಾಗ ಚೀಲ ಮೆಟ್ಟಿಲಿಗೆ ಬಿತ್ತು. ತೊಡೆಯ ಎಲುಬು ಚಾವಡಿಯವರೆಗೆ ಉರುಳಿತು. ಬ್ರಾಹ್ಮಣರಿಬ್ಬರೂ ಎಲೆಯ ಮುಂದಿನಿಂದ ಎದ್ದರು.

"ಎಂತ ಮಾರಾಯ್ತಿ ಇದು! ಇದು ಮನೆಯಾ, ಸ್ಮಶಾನವಾ?" ಎಂದು ಮಾವ ಕೂಗಿದರು. ನಾನು ಎಲುಬುಗಳನ್ನು ಹೆಕ್ಕಿಕೊಳ್ಳುತ್ತಿದ್ದೆ. ಸಣ್ಣದೊಂದು ಕಾಣೆಯಾದರೂ ಉಳಿದಿಬ್ಬರಿಗೆ ಉತ್ತರ ಹೇಳಬೇಕಲ್ಲ ಎಂಬುದೇ ಆಗ ನನ್ನ ತಲೆಯಲ್ಲಿ ಇದ್ದದ್ದು. ನಿಮ್ಮ ಮುಖ ನೋಡಿದ್ದು ಆಮೇಲೆ. ನೀವು "ಎಲ್ಲರೂ ಕೈಕಾಲು ತೊಳೆಯಿರಿ" ಎಂದಷ್ಟೇ ಹೇಳಿ ಬಾವಿಯ ಕಡೆಗೆ ಹೋದಿರಿ. ನಾನು ಹೊರಟಾಗ ಹೋಗಿ ಬಾ ಎನ್ನಲಿಲ್ಲ.

ಅಜ್ಜಿಯ ಊಟವನ್ನು ನಾನು ಕೆಡಿಸಿದೆ. ಮೊದಲೇ ಹೇಳಬೇಕಿತ್ತು. ನಿಮ್ಮಿಂದ ಬಚ್ಚಿಟ್ಟದ್ದು ಇದೊಂದೇ.

ಸುಭಾಷಿಣಿ


ಮಣಿಪಾಲ
೮-೬-೧೯೭೫

ಅಪ್ಪನಿಗೆ ನಮಸ್ಕಾರ.

ಮೂರು ವಾರ ಆಯಿತು. ನನ್ನ ಪತ್ರ ತಲುಪಿತೋ ಇಲ್ಲವೋ ತಿಳಿಯದು. ಓದು ಬಿಟ್ಟು ಬಾ ಎನ್ನುವುದಾದರೆ ಅದನ್ನೇ ಬರೆಯಿರಿ. ಏನೂ ಬರೆಯದೆ ಇರಬೇಡಿ.

ಸುಭಾಷಿಣಿ


ಅಜೆಕಾರು
೧೪-೬-೧೯೭೫

ಚಿ. ಸುಭಾಷಿಣಿಗೆ ಆಶೀರ್ವಾದ.

ಪತ್ರಗಳು ತಲುಪಿದವು. ಮೊನ್ನೆ ಅಮಾವಾಸ್ಯೆಗೆ ಶ್ರಾದ್ಧವನ್ನು ಮತ್ತೊಮ್ಮೆ ಮಾಡಿದೆ. ಊರಿನವರು ಒದಗಲಿಲ್ಲ, ಬ್ರಾಹ್ಮಣರನ್ನು ಅಂಬಲಪಾಡಿಯಿಂದ ಕರೆಸಿದೆ. ಓದು ಬಿಡುವ ಮಾತನ್ನು ಇಲ್ಲಿ ಯಾರೂ ಆಡಿಲ್ಲ, ನೀನೂ ಆಡಬೇಡ.

ಒಂದು ಪ್ರಶ್ನೆ. ಆ ಎಲುಬುಗಳು ಯಾರದು?

ರಾಮದಾಸ ಉಪಾಧ್ಯ


ಮಣಿಪಾಲ
೧೮-೬-೧೯೭೫

ಅಪ್ಪನಿಗೆ ನಮಸ್ಕಾರ.

ನಿಮ್ಮ ಕಾರ್ಡನ್ನು ಗೇಟಿನಲ್ಲಿಯೇ ನಿಂತು ಓದಿದೆ. ತುಂಬ ಸಮಾಧಾನವಾಯಿತು.

ಎಲುಬುಗಳು ಸಿಸಿಲಿಯಾಳವು. ಅವಳ ಪರಿಚಯದ ಒಬ್ಬ ಸೀನಿಯರಿನಿಂದ ಬಂದದ್ದು. ನನಗೂ ಸುಗಂಧಿಗೂ ಅವಳು ಪಾಲು ಕೊಟ್ಟಿದ್ದಾಳೆ. ನಮ್ಮದೇ ಬೇರೆ ಬೇಕೆಂದರೆ ಈಗ ಸಿಕ್ಕುವುದು ಕಷ್ಟ. ನಿಮಗೆ ಅವಳ ಎಲುಬು ಮುಟ್ಟುವುದು ಬೇಡವೆಂದು ಇದ್ದರೆ ಕಾಲೇಜಿನ ಮ್ಯೂಸಿಯಮ್ಮಿನಲ್ಲಿ ಕೂತು ಓದಬಹುದು, ಆದರೆ ಅಲ್ಲಿ ನಾಲ್ಕು ಗಂಟೆಗೆ ಮುಚ್ಚುತ್ತಾರೆ.

ಸುಭಾಷಿಣಿ


ಅಜೆಕಾರು
೨೫-೬-೧೯೭೫

ಚಿ. ಸುಭಾಷಿಣಿಗೆ ಆಶೀರ್ವಾದ.

ಪೆಟ್ಟಿಗೆ ಯಾರದೆಂದು ನಾನು ಕೇಳಲಿಲ್ಲ. ಎಲುಬು ಯಾರದೆಂದು ಕೇಳಿದೆ. ಗಂಡೋ, ಹೆಣ್ಣೋ? ಯಾವ ಊರು? ಯಾವ ಜಾತಿ? ಸತ್ತ ಮೇಲೆ ಸುಡಲು ಯಾರೂ ಇರಲಿಲ್ಲವೆ? ನನ್ನ ಮನೆಯ ಚಾವಡಿಗೆ ಬಂದವರು ಯಾರೆಂದು ನನಗೆ ಗೊತ್ತಾಗಬೇಡವೆ?

ನೀನು ಒಂಬತ್ತು ತಿಂಗಳು ಅದರ ಜೊತೆ ಒಂದೇ ಕೋಣೆಯಲ್ಲಿ ಇದ್ದೀ.

ರಾಮದಾಸ ಉಪಾಧ್ಯ


ಮಣಿಪಾಲ
೧೩-೭-೧೯೭೫

ಅಪ್ಪನಿಗೆ ನಮಸ್ಕಾರ.

ಉತ್ತರ ತಡವಾಯಿತು. ನಿಮ್ಮ ಪ್ರಶ್ನೆಯನ್ನು ನಾನು ಸಿಸಿಲಿಯಾ, ಸುಗಂಧಿ ಇಬ್ಬರಿಗೂ ಓದಿ ಹೇಳಿದೆ. ಸಿಸಿಲಿಯಾ ಮೊದಲು ನಕ್ಕಳು, ಆಮೇಲೆ ಪತ್ರ ತೆಗೆದುಕೊಂಡು ತಾನೇ ಇನ್ನೊಮ್ಮೆ ಓದಿದಳು. ನಾವು ಆ ಬುರುಡೆಗೆ ತಮಾಷೆಗೆ ಒಂದು ಹೆಸರು ಇಟ್ಟಿದ್ದೆವು. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆ ದಿನದಿಂದ ಹಾಗೆ ಕರೆಯುವುದನ್ನು ಬಿಟ್ಟಿದ್ದೇವೆ.

ಭಾನುವಾರ ಮೂವರೂ ಎಲ್ಲ ಎಲುಬುಗಳನ್ನೂ ಚಾಪೆಯ ಮೇಲೆ ಜೋಡಿಸಿದೆವು. ಮೂವರ ಪುಸ್ತಕದ ತುಂಡುಗಳನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಒಂದೊಂದಾಗಿ ನೋಡಿದೆವು. ನಮಗೆ ತಿಳಿದದ್ದು ಇಷ್ಟು.

ಹೆಣ್ಣು. ಸೊಂಟದ ಎಲುಬಿನಿಂದ ಇದು ಖಚಿತ. ಎತ್ತರ ನನ್ನಷ್ಟೂ ಇಲ್ಲ. ಸೊಂಟದ ಎಲುಬಿನ ಅಂಚು ಆಗಷ್ಟೇ ಕೂಡಿಕೊಳ್ಳುತ್ತಾ ಇತ್ತು, ಗೆರೆ ಇನ್ನೂ ಕಾಣುತ್ತದೆ. ಕೊನೆಯ ದವಡೆ ಹಲ್ಲು ಅರ್ಧ ಮಾತ್ರ ಹೊರಗೆ ಬಂದಿದೆ. ಅಂದರೆ ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೆರಡು. ನಮ್ಮ ವಯಸ್ಸಿನವಳೇ. ಬಲಗಡೆಯ ಒಂದು ಹಲ್ಲು ಬೇರಿನವರೆಗೆ ಹುಳುಕಾಗಿದೆ, ದವಡೆಯಲ್ಲಿ ತೂತು ಬಿದ್ದಿದೆ. ತುಂಬ ನೋವು ತಿಂದಿರಬೇಕು. ಮಗುವಾಗಿತ್ತೋ ಇಲ್ಲವೋ ಎಂದು ಎಲುಬು ನೋಡಿ ಹೇಳಲು ನಮಗೆ ಬರುವುದಿಲ್ಲ.

ಊರು ಯಾವುದೆಂದು ನಮ್ಮ ಮೇಷ್ಟ್ರನ್ನು ಕೇಳಿದೆ. ಇವೆಲ್ಲ ಕಲ್ಕತ್ತಾ ಕಡೆಯಿಂದ ಬರುತ್ತವೆ, ಕೇಳುವವರಿಲ್ಲದ ಹೆಣಗಳು ಎಂದರು. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿಲ್ಲ. ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲವಂತೆ.

ಜಾತಿ ಎಲುಬಿನಲ್ಲಿ ತಿಳಿಯುವುದಿಲ್ಲ.

ಸುಭಾಷಿಣಿ


ಅಜೆಕಾರು
೨-೮-೧೯೭೫

ಚಿ. ಸುಭಾಷಿಣಿಗೆ ಆಶೀರ್ವಾದ.

ನೀನು ಬರೆದದ್ದನ್ನು ಎರಡು ಸಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಹಲ್ಲಿನ ವಿಷಯ ಕೇಳಿ ಅವಳು "ಪಾಪ, ಲವಂಗದ ಎಣ್ಣೆಯಾದರೂ ಇಟ್ಟರೋ ಇಲ್ಲವೋ" ಎಂದಳು.

ಮಹಾಲಯ ಅಮಾವಾಸ್ಯೆಗೆ ನಾನು ತರ್ಪಣ ಕೊಡುವಾಗ ಅವಳಿಗೂ ಕೊಡುವುದೆಂದು ನಿಶ್ಚಯಿಸಿದ್ದೇನೆ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳುವ ಕ್ರಮ ಉಂಟು. ಹೆಸರು ಗೊತ್ತಿಲ್ಲದವರಿಗೂ, ಬಂಧುಗಳಿಲ್ಲದವರಿಗೂ ನೀರು ಬಿಡುವ ಮಂತ್ರ ಇದೆ. ನಲವತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ, ಯಾರಿಗೆಂದು ಯೋಚಿಸಿರಲಿಲ್ಲ.

ಇಲ್ಲಿ ಈಗ ಕೆಲಸ ಸ್ವಲ್ಪ ಕಡಿಮೆ. ಗ್ರಂಥ ನೋಡಲು ಪುರುಸೊತ್ತಾಗಿದೆ.

ರಾಮದಾಸ ಉಪಾಧ್ಯ


ಮಣಿಪಾಲ
೧೭-೮-೧೯೭೫

ಅಪ್ಪನಿಗೆ ನಮಸ್ಕಾರ.

ತರ್ಪಣದ ವಿಷಯ ಹೇಳಿದಾಗ ಸಿಸಿಲಿಯಾ ತಾನೂ ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚುತ್ತೇನೆ ಎಂದಳು. ಸುಗಂಧಿ ಪೆಟ್ಟಿಗೆಯಲ್ಲಿ ಹಾಸಿದ್ದ ಹಳೆಯ ಪೇಪರನ್ನು ತೆಗೆದು ತನ್ನದೊಂದು ಒಗೆದ ಹತ್ತಿಯ ಸೀರೆ ಮಡಚಿ ಹಾಕಿದಳು.

ನಿಮಗೆ ಕೆಲಸ ಕಡಿಮೆಯಾಗಿ ವಿಶ್ರಾಂತಿ ಸಿಕ್ಕಿದ್ದು ಕೇಳಿ ಸಂತೋಷವಾಯಿತು. ಮಳೆಗಾಲದಲ್ಲಿ ಅಷ್ಟು ದೂರ ನಡೆಯುವುದು ನಿಮಗೆ ಒಳ್ಳೆಯದಲ್ಲ.

ಸುಭಾಷಿಣಿ


ಮಣಿಪಾಲ
೨೧-೯-೧೯೭೫

ಅಪ್ಪ,

ಗುರುವಾರ ನೀವು ಬಂದಿದ್ದಿರಂತೆ. ನಾನು ಕಾಲೇಜಿನಲ್ಲಿದ್ದೆ. ಹೇಳಿ ಕಳುಹಿಸಿದ್ದರೆ ಹತ್ತು ನಿಮಿಷದಲ್ಲಿ ಬರುತ್ತಿದ್ದೆ. ಬೇಡವೆಂದಿರಂತೆ.

ಸುಗಂಧಿ ಆ ದಿನ ಹುಷಾರಿಲ್ಲದೆ ಮನೆಯಲ್ಲಿಯೇ ಇದ್ದಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ.

ಬಾಗಿಲು ತಟ್ಟಿದಾಗ ಅವಳು ಬಂಗುಡೆ ಮೀನಿಗೆ ಮಸಾಲೆ ಹಚ್ಚುತ್ತಿದ್ದಳು. ನೀವು "ನಾನು ಸುಭಾಷಿಣಿಯ ಅಪ್ಪ" ಎಂದಾಗ ಕೈ ಎಲ್ಲಿ ಇಡುವುದೆಂದು ಅವಳಿಗೆ ತಿಳಿಯಲಿಲ್ಲ. ಕೆಳಗೆ ಓಡಿ ಜೆರ್ಟ್ರೂಡ್ ಬಾಯಿಯವರಿಗೆ ಹೇಳಿದಳು. ಅವರು ಬೊಂಡ ಕೆತ್ತಿಸಿ ಕಳುಹಿಸಿದರು. ನೀವು ಎಳನೀರು ಕುಡಿದಿರಿ.

ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಿರಿ: "ಸುಭಾಷಿಣಿಯ ಒಲೆ ಯಾವುದು?"

"ಒಲೆ ಇರುವುದು ಇದೊಂದೇ. ಮೂವರಿಗೂ ಇದೇ."

"ಅವಳ ತಪ್ಪಲೆ?"

"ಇಲ್ಲಿ ಉಂಟಲ್ಲ. ಎಲ್ಲರಿಗೂ ಅನ್ನ ಇದರಲ್ಲಿಯೇ ಮಾಡುವುದು. ದೊಡ್ಡದು ಅಲ್ವಾ, ಒಂದೇ ಸಲಕ್ಕೆ ಆಗುತ್ತದೆ."

ನಾನು ನಿಮಗೆ ಏನು ಬರೆದಿದ್ದೆನೆಂದು ಅವಳಿಗೆ ಗೊತ್ತಿರಲಿಲ್ಲ. ನೀವು ಅವಳ ಮೇಲೆ ರೇಗಲಿಲ್ಲ. "ನೀನು ಯಾರ ಮಗಳು?" ಎಂದಿರಿ. "ಶೀನ ಮರಕಾಲರ ಮಗಳು. ಅಪ್ಪ ದೋಣಿಗೆ ಹೋಗುತ್ತಾರೆ" ಎಂದಳು. ಮತ್ತೆ ನಿಮ್ಮನ್ನು ಸುಮ್ಮನೆ ನಿಲ್ಲಿಸುವುದು ಹೇಗೆ ಎಂದು, ಅವಳು ನನ್ನ ಕಾಮಾಲೆಯ ಕಥೆ ಹೇಳಿಬಿಟ್ಟಳು. ಅದನ್ನೂ ನಿಮಗೆ ಬರೆದಿರುತ್ತೇನೆ ಎಂದು ಅವಳ ಲೆಕ್ಕ. ಕೊನೆಗೆ ಪೆಟ್ಟಿಗೆ ತೋರಿಸು ಎಂದಿರಿ. ಬಹಳ ಹೊತ್ತು ನೋಡಿ "ಚಿಕ್ಕವಳು" ಎಂದು ಇಳಿದು ಹೋದಿರಿ.

ಅಪ್ಪ, ಈಗ ನಾನೇ ಹೇಳುತ್ತೇನೆ. ಬೇರೆ ಒಲೆ ಒಂದು ದಿನವೂ ಇರಲಿಲ್ಲ. ಮೊದಲ ಪತ್ರದಲ್ಲಿ ಬರೆದದ್ದು ಸುಳ್ಳು. ನೀವು ಉಪನಯನದ ಪಂಕ್ತಿಯಲ್ಲಿ ಅದನ್ನೇ ಹೇಳಿದಿರೆಂದು ತಿಳಿದ ಮೇಲೆ ತಿದ್ದಲು ಧೈರ್ಯವಾಗಲಿಲ್ಲ. ಮೀನಿನ ಬಾಣಲೆ ಮಾತ್ರ ಬೇರೆ, ನಾನು ಅದನ್ನು ತಿನ್ನುವುದಿಲ್ಲ. ಅಷ್ಟು ಮಾತ್ರ ನಿಜ.

ಸಣ್ಣ ಜ್ವರ ಎಂದದ್ದೂ ಸುಳ್ಳು. ಫೆಬ್ರವರಿಯಲ್ಲಿ ಕಾಮಾಲೆಯಾಗಿ ಹತ್ತೊಂಬತ್ತು ದಿನ ಮಲಗಿದ್ದೆ. ಆರನೆಯ ದಿನ ನನಗೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಸಿಸಿಲಿಯಾ ಊರಿಗೆ ತಿಳಿಸೋಣ ಎಂದಾಗ ನಾನೇ ಬೇಡವೆಂದು ಅತ್ತೆನಂತೆ. ಕಾಪುವಿನಿಂದ ಸುಗಂಧಿಯ ಅಮ್ಮ ಗುಣವತಿಯವರು ಬಂದು ಇದ್ದರು. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟರು, ಗಂಜಿ ಮಾಡಿ ಕುಡಿಸಿದರು, ನನ್ನ ಬಟ್ಟೆ ಒಗೆದರು. ಅವರು ಇದ್ದಷ್ಟು ದಿನ ಅಡುಗೆಮನೆಗೆ ಮೀನು ತರಲಿಲ್ಲ. ನಾನು ಕೇಳಿರಲಿಲ್ಲ.

ಇನ್ನು ಬಚ್ಚಿಟ್ಟದ್ದು ಏನೂ ಇಲ್ಲ. ಈ ಸಲ ಇದು ನಿಜ.

ಸುಭಾಷಿಣಿ


ಅಜೆಕಾರು
೮-೧೦-೧೯೭೫

ಚಿ. ಸುಭಾಷಿಣಿಗೆ ಆಶೀರ್ವಾದ.

ಸುಗಂಧಿ ಹೇಳಿದ್ದರಲ್ಲಿ ತಪ್ಪಿಲ್ಲ. ಬೊಂಡ ಚೆನ್ನಾಗಿತ್ತು ಎಂದು ಆ ಬಾಯಿಯವರಿಗೆ ತಿಳಿ‌ಸು.

ಅಮಾವಾಸ್ಯೆಯ ತರ್ಪಣ ಆಯಿತು. ನನ್ನ ತಾಯಿಗೆ ಕೊಟ್ಟು, ಕೊನೆಯಲ್ಲಿ ಆ ಹುಡುಗಿಗೂ ಕೊಟ್ಟೆ.

ಮರುದಿನ ದಾಮೋದರ ಆಚಾರ್ಯರ ಮನೆಗೆ ಹೋದೆ. ಉಪನಯನದ ಊಟಕ್ಕೆ ಕೂತಿದ್ದವರಲ್ಲಿ ಆರೇಳು ಮಂದಿ ಅಲ್ಲಿ ಸಿಕ್ಕರು. "ಜನವರಿಯಲ್ಲಿ ನಾನು ಇಲ್ಲಿ ಎಲೆಯ ಮುಂದೆ ಕೂತು ಒಂದು ಮಾತು ಹೇಳಿದ್ದೆ. ಅದು ಸರಿಯಲ್ಲ. ಅವಳ ಒಲೆ ಬೇರೆ ಅಲ್ಲ" ಎಂದೆ. ಆಚಾರ್ಯರು "ನೀವು ಗೊತ್ತಿಲ್ಲದೆ ಹೇಳಿದ್ದಲ್ವಾ, ಬಿಡಿ ಮಾರಾಯ್ರೆ" ಎಂದರು. ತಾರಾನಾಥನಿಗೆ ಸಿಟ್ಟು ಬಂತು. "ನಿಮ್ಮನ್ನು ಕೇಳಿದವರು ಯಾರು? ಸುಮ್ಮನೆ ಇದ್ದಿದ್ದರೆ ಎಂತ ಆಗುತ್ತಿತ್ತು?" ಎಂದ. ಯಾರೂ ಕೇಳಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಇನ್ನೊಬ್ಬರ ಮನೆಯಲ್ಲಿ ಸಂಕಲ್ಪ ಹೇಳಿಸುವವನು ನಾನು. ಸುಳ್ಳಾದ ಮಾತನ್ನು ಬಾಯಲ್ಲಿಟ್ಟುಕೊಂಡು ಅದು ಆಗುವುದಿಲ್ಲ.

ಬರೆಯದೆ ಬಿಟ್ಟದ್ದು ನನ್ನಲ್ಲಿಯೂ ಉಂಟು. ಕೆಲಸ ಕಡಿಮೆ, ಪುರುಸೊತ್ತು ಎಂದು ಬರೆದಿದ್ದೆ. ನೀನು ಸಂತೋಷಪಟ್ಟೆ. ಎಲುಬು ಉರುಳಿದ ದಿನದಿಂದ ನಾಲ್ಕು ಮನೆಯವರು ನನ್ನನ್ನು ಕರೆಯುವುದನ್ನು ನಿಲ್ಲಿಸಿದ್ದಾರೆ. ಈಗ ಐದಾಗಿದೆ. ಉಳಿದವರು ಕರೆಯುತ್ತಾರೆ. ಇದು ನಿನಗೆ ಹೊರೆಯಾಗಲೆಂದು ಬರೆದದ್ದಲ್ಲ, ಇರುವುದನ್ನು ಬರೆದೆ.

ಕಾಮಾಲೆಯ ವಿಷಯ ಹೇಳಿದಾಗ ಅಮ್ಮ ಎದ್ದು ಒಳಗೆ ಹೋದಳು. ಆ ದಿನ ಅವಳು ಊಟ ಮಾಡಲಿಲ್ಲ. ಒಲೆಯದು ನನ್ನ ಸಂಕಟ, ಜ್ವರದ್ದು ಅವಳದು. ಹತ್ತೊಂಬತ್ತು ದಿನ ಬೇರೆ ಒಬ್ಬರ ತಾಯಿ ನಿನ್ನನ್ನು ನೋಡಿಕೊಳ್ಳುತ್ತಿದ್ದಾಗ ಅವಳು ಇಲ್ಲಿ ಹಪ್ಪಳ ಒಣಗಿಸುತ್ತಿದ್ದಳಂತೆ. ಅದನ್ನೇ ಹೇಳುತ್ತಾಳೆ.

ಇದೆಲ್ಲ ನನಗೆ ಸರಿ ಕಂಡಿತೆಂದು ತಿಳಿಯಬೇಡ. ಬೇರೆ ಒಲೆ ಇಡಲು ಆಗುವುದಾದರೆ ಇಡು. ಆಗದಿದ್ದರೆ ಆಗುವುದಿಲ್ಲ ಎಂದು ಬರೆ.

ರಾಮದಾಸ ಉಪಾಧ್ಯ


ಮಣಿಪಾಲ
೧೨-೧೦-೧೯೭೫

ಅಪ್ಪನಿಗೆ ನಮಸ್ಕಾರ.

ಆಗುವುದಿಲ್ಲ. ಜಾಗವೂ ಇಲ್ಲ, ಮನಸ್ಸೂ ಇಲ್ಲ.

ಐದು ಮನೆಗಳ ವಿಷಯ ಓದಿದೆ. ಅದಕ್ಕೆ ಉತ್ತರವೆಂದು ಬರೆದ ಎರಡು ಕಾರ್ಡು ಹರಿದು ಹಾಕಿದೆ.

ಅಮ್ಮನಿಗೆ ಬೇರೆಯೇ ಪತ್ರ ಬರೆಯುತ್ತೇನೆ. ನೀವು ಓದಿ ಹೇಳಬೇಕು, ಒಂದು ಸಾಲೂ ಬಿಡಬಾರದು.

ಸುಭಾಷಿಣಿ


ಮಣಿಪಾಲ
೭-೩-೧೯೭೬

ಅಪ್ಪನಿಗೆ ನಮಸ್ಕಾರ.

ಫಲಿತಾಂಶ ನಿನ್ನೆ ಬಂತು. ನಾನು ಪಾಸು. ಸುಗಂಧಿಗೆ ದೇಹರಚನೆಯಲ್ಲಿ ತರಗತಿಗೇ ಹೆಚ್ಚು ಅಂಕ. ಸಿಸಿಲಿಯಾಳಿಗೆ ಅದರಲ್ಲಿಯೇ ಹೋಯಿತು. ಬಾಯಿ ಪರೀಕ್ಷೆಯಲ್ಲಿ ಮೇಜಿನ ಮೇಲೆ ಬುರುಡೆ ಇಟ್ಟು ಕೇಳಿದಾಗ ಬಾಯಿಯೇ ಬಿಡಲಿಲ್ಲವಂತೆ. ವರ್ಷವಿಡೀ ಸುಮ್ಮನಿರದವಳು!

ಮೇಲಿನ ತರಗತಿಗೆ ಹೋದವರು ಪೆಟ್ಟಿಗೆಯನ್ನು ಹೊಸಬರಿಗೆ ದಾಟಿಸಬೇಕು. ನಾವು ದಾಟಿಸಿಲ್ಲ. ಆರು ತಿಂಗಳ ನಂತರ ಸಿಸಿಲಿಯಾ ಮತ್ತೆ ಬರೆಯುವವರೆಗೆ ಮೂವರೂ ಈ ಮನೆಯಲ್ಲಿಯೇ ಇರುವುದೆಂದು ಸುಗಂಧಿ ತೀರ್ಮಾನಿಸಿದ್ದಾಳೆ. ದಿನಾ ಸಂಜೆ ಒಂದು ಗಂಟೆ ನಾವಿಬ್ಬರೂ ಅವಳಿಗೆ ಪ್ರಶ್ನೆ ಕೇಳುವುದು.

ಈಗ ಹತ್ತು ದಿನ ರಜೆ. ಸಿಸಿಲಿಯಾ ಕಾರ್ಕಳಕ್ಕೆ ಹೋಗಲು ಒಪ್ಪುವುದಿಲ್ಲ. ಅಣ್ಣನ ಪತ್ರ ಬಂದ ಮೇಲೆ ಹೋಗುತ್ತೇನೆ, ಅಲ್ಲಿಯವರೆಗೆ ಎಲ್ಲಿಯಾದರೂ ಇರುತ್ತೇನೆ ಎನ್ನುತ್ತಾಳೆ. ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಅವಳನ್ನು ಒಬ್ಬಳೇ ಬಿಟ್ಟು ನಾನು ಬರುವುದಿಲ್ಲ. ಸುಗಂಧಿಯೂ ಹಾಗೆಯೇ ಹೇಳುತ್ತಾಳೆ.

ಅವರಿಬ್ಬರನ್ನೂ ಅಜೆಕಾರಿಗೆ ಕರೆದುಕೊಂಡು ಬರಲೇ? ಬೇಡವೆಂದರೆ ಬೇಡವೆಂದೇ ಬರೆಯಿರಿ. ನಾವು ಕಾಪುವಿಗೆ ಹೋಗುತ್ತೇವೆ. ಗುಣವತಿಯವರು ಆಗಲೇ ಕರೆದಿದ್ದಾರೆ.

ಸುಭಾಷಿಣಿ


ಅಜೆಕಾರು
೧೧-೩-೧೯೭೬

ಚಿ. ಸುಭಾಷಿಣಿಗೆ ಆಶೀರ್ವಾದ.

ನೀನು ಪಾಸಾದದ್ದು ಸಂತೋಷ. ಸುಗಂಧಿಗೆ ನನ್ನ ಆಶೀರ್ವಾದ ತಿಳಿಸು. ಸಿಸಿಲಿಯಾಳಿಗೆ ಹೇಳು, ನಾನು ಸಂಸ್ಕೃತ ಕಾವ್ಯದ ಪರೀಕ್ಷೆಯಲ್ಲಿ ಎರಡು ಸಲ ಫೇಲಾದವನು. ಇದು ನಿನ್ನ ಅಮ್ಮನಿಗೂ ಈವರೆಗೆ ಗೊತ್ತಿರಲಿಲ್ಲ. ಪತ್ರ ಬರೆಯುವಾಗ ಪಕ್ಕದಲ್ಲಿ ಕೂತಿದ್ದಾಳೆ, ಈಗ ಗೊತ್ತಾಯಿತು.

ನಿನ್ನ ಪತ್ರ ಓದಿದ ಕೂಡಲೇ ಅವಳು "ಮೂವರೂ ಬರಲಿ" ಎಂದಳು. ಊಟಕ್ಕೆ ಎಲ್ಲಿ ಕೂರಿಸುವುದು ಎಂದು ನಾನು ಕೇಳಿದೆ. ಅವಳು ಒಳಗೆ ಎಂದಳು. ನಾನು ಜಗಲಿ ಎಂದೆ. ಒಳಗೆ ನನ್ನಿಂದ ಆಗುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಅವಳು "ನನ್ನ ಮಗಳಿಗೆ ಗಂಜಿ ಕುಡಿಸಿದವರ ಮಗಳು ಜಗಲಿಯಲ್ಲಿ ಉಣ್ಣುವುದಾದರೆ ನಾನೂ ಅಲ್ಲಿಯೇ ಉಣ್ಣುತ್ತೇನೆ" ಎಂದಳು. ನೀನು ಎಲ್ಲಿ ಕೂರುತ್ತೀ ಎಂದು ಕೇಳುವ ಅಗತ್ಯವಿಲ್ಲ. ಹಾಗಾದರೆ ಒಳಗೆ ಒಬ್ಬನೇ ಕೂತು ನಾನು ಮಾಡುವುದು ಎಂತ? ಆದ್ದರಿಂದ ಐದು ಎಲೆಯೂ ಜಗಲಿಯಲ್ಲಿ ಎಂದು ತೀರ್ಮಾನವಾಗಿದೆ. ಬಡಿಸುವವರು ಯಾರು ಎಂದರೆ, ಎಲ್ಲ ಬಡಿಸಿಟ್ಟು ಒಟ್ಟಿಗೆ ಕೂರುವುದಂತೆ.

ಭಾನುವಾರ ಬನ್ನಿ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಹನ್ನೊಂದೂವರೆಗೆ ತಲುಪುತ್ತೀರಿ. ಎಲುಬು ತರುವುದಿದ್ದರೆ ಮೊದಲೇ ಹೇಳಿ ತನ್ನಿ, ಉಪ್ಪರಿಗೆಯಲ್ಲಿ ಒಂದು ಕಪಾಟು ಖಾಲಿ ಮಾಡಿಸಿದ್ದೇನೆ.

ಈ ವಿಷಯ ಹೇಗೋ ತಾರಾನಾಥನಿಗೆ ತಿಳಿದು ನಿನ್ನೆ ಬಂದಿದ್ದ. "ಭಾವ, ಜಗಲಿಯಲ್ಲಿ ಕೂತರೆ ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ, ಗೊತ್ತುಂಟಾ?" ಎಂದ. ಹುಟ್ಟಿದಲ್ಲಿಂದ ಈ ಮನೆಯಲ್ಲಿಯೇ ಇದ್ದೇನೆ, ಜಗಲಿಯಿಂದ ರಸ್ತೆ ಎಷ್ಟು ಕಾಣುತ್ತದೆಂದು ನನಗೆ ಗೊತ್ತುಂಟು ಎಂದೆ.

ರಾಮದಾಸ ಉಪಾಧ್ಯ